ಅಜ್ಜಿ ಹಾಡು ಶುರು ಮಾಡಿದ ಕೂಡಲೇ ಟೇಪು ‘ಟಕ್’ – ಪ್ರೇರಿ ವಲಸಿಗರ ಹಾಡು, ನೆನಪು ಉಳಿಸುವುದು ಹೇಗೆ?

ಲಿಂಕನ್‌ವಾಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಇದ್ದಾಗ ಓದಿ.

ನಾನು ತಿಪಟೂರಿನ ಕಡೆಯವನು. ಅಮೆರಿಕದ ನೆಬ್ರಾಸ್ಕಾಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಶನಿವಾರಗಳಂದು ಇಲ್ಲಿಂದ ಒಂದು ಗಂಟೆ ದೂರದ ಸಣ್ಣ ಊರಿನ ಮ್ಯೂಸಿಯಂಗೆ ಹೋಗಿ ಕೈಲಾದ ಕೆಲಸ ಮಾಡಿಕೊಡುತ್ತೇನೆ. ಕಳೆದ ತಿಂಗಳು ಬೀರು ಸರಿಸಿದಾಗ ಹಿಂದೆ ಒಂದು ಬೂಟಿನ ಡಬ್ಬಿ ಸಿಕ್ಕಿತು. ಒಳಗೆ 43 ಕ್ಯಾಸೆಟ್ಟು. 1978-79ರಲ್ಲಿ ಆ ಊರಿನ ರಿಟೈರಾದ ಮೇಷ್ಟ್ರೊಬ್ಬರು ಮನೆಮನೆಗೆ ಹೋಗಿ, ಹಳೇ ಕಾಲದವರನ್ನು ಮಾತಾಡಿಸಿ ರೆಕಾರ್ಡ್ ಮಾಡಿದ್ದು. ಮೇಷ್ಟ್ರು ಈಗ ಇಲ್ಲ. ಮಾತಾಡಿದವರೂ ಒಬ್ಬರೂ ಇಲ್ಲ.

ಎಂಟನೇ ಕ್ಯಾಸೆಟ್ಟು ನನ್ನನ್ನು ಬಿಡುತ್ತಿಲ್ಲ. ಅದರಲ್ಲಿ ಮಾತಾಡುವ ಅಜ್ಜಿ ಹುಟ್ಟಿದ್ದು 1894ರಲ್ಲಿ. ಯುರೋಪಿನ ಬೊಹೀಮಿಯಾದಿಂದ ಬಂದ ಚೆಕ್ ಮನೆತನ. ಹುಟ್ಟಿದ್ದು ಹುಲ್ಲುಹೆಂಟೆಯ ಮನೆಯಲ್ಲಿ. ಆಗ ಇಲ್ಲಿ ಮರ ಇರಲಿಲ್ಲ, ಕಲ್ಲೂ ಇರಲಿಲ್ಲ, ಕಣ್ಣು ಹಾಯುವಷ್ಟು ದೂರ ಹುಲ್ಲೇ, ಪ್ರೇರಿ ಅನ್ನುವುದು ಈ ಹುಲ್ಲು ಬಯಲಿಗೇ. ಆ ಹುಲ್ಲನ್ನು ಬೇರು ಸಮೇತ ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಎಬ್ಬಿಸಿ, ಎರಡು ಮೂರಡಿ ಉದ್ದಕ್ಕೆ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ ಇಟ್ಟಿಗೆ ಥರ ಜೋಡಿಸಿ ಗೋಡೆ ಕಟ್ಟುತ್ತಿದ್ದರು. ಒಂದೊಂದು ಹೆಂಟೆ ಇಪ್ಪತ್ತು ಕೆಜಿ ಮೇಲೆ ತೂಗುತ್ತಿತ್ತು. ಗೋಡೆ ಎರಡಡಿಗೂ ಜಾಸ್ತಿ ದಪ್ಪ, ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬೆಚ್ಚಗೆ. ಮಾಡೂ ಅದೇ ಮಣ್ಣಿನದು, ಮಳೆ ಬಂದರೆ ಮಾತ್ರ ಕೆಸರೇ ಸುರಿಯುವುದು. ಮಣ್ಣು, ಹುಳ ಉದುರದಿರಲಿ ಅಂತ ಮಾಡಿನ ಕೆಳಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಅಜ್ಜಿ ಹೇಳುತ್ತಾರೆ: ರಾತ್ರಿ ಮಲಗಿಕೊಂಡು ಮೇಲೆ ನೋಡಿದರೆ, ಬಟ್ಟೆಯ ಮೇಲೆ ಹಾವು ಹರಿಯುವುದು ಉಬ್ಬಿನ ಹಾಗೆ ಕಾಣುತ್ತಿತ್ತಂತೆ. ದೀಪದ ಬೆಳಕಿನಲ್ಲಿ ಉಬ್ಬು ಈ ಮೂಲೆಯಿಂದ ಆ ಮೂಲೆಗೆ ಹೋಗುವುದನ್ನು ಮಕ್ಕಳೆಲ್ಲ ಉಸಿರು ಹಿಡಿದು ನೋಡುವುದು, ಅಮ್ಮ ಹುಲ್ಲೆತ್ತುವ ಕವೆಗೋಲು ಹಿಡಿದು ಕೆಳಗೆ ಕಾಯುವುದು.

ಟೇಪಿನಲ್ಲಿ ಗೋಡೆ ಗಡಿಯಾರದ ಸದ್ದು ಕೇಳುತ್ತದೆ. ಯಾರೋ ಓವನ್ ಬಾಗಿಲು ತೆಗೆದು ಮುಚ್ಚುತ್ತಾರೆ. ಆಮೇಲೆ ಮೇಷ್ಟ್ರು “ನಿಮ್ಮಮ್ಮ ಹಾಡು ಹೇಳುತ್ತಿದ್ದರಾ?” ಅಂತ ಕೇಳುತ್ತಾರೆ. ಅಜ್ಜಿ ಸುಮ್ಮನಾಗುತ್ತಾರೆ. ತುಂಬಾ ಹೊತ್ತು ಗಡಿಯಾರದ ಸದ್ದು ಮಾತ್ರ. ಆಮೇಲೆ ಸಣ್ಣ ದನಿಯಲ್ಲಿ ಚೆಕ್ ಭಾಷೆಯಲ್ಲಿ ಹಾಡಲು ಶುರು ಮಾಡುತ್ತಾರೆ. ಐದಾರು ಪದ ಇರಬಹುದು ಅಷ್ಟೆ. ‘ಟಕ್’. ಟೇಪು ನಿಂತಿದೆ. ಮತ್ತೆ ಶುರುವಾದಾಗ ಗೋಧಿ ರೇಟಿನ ಮಾತು.

ಸತ್ಯ ಹೇಳುತ್ತೇನೆ, ಮೇಷ್ಟ್ರ ಮೇಲೆ ಸಿಟ್ಟು ಬಂತು. ಟೇಪು ಖರ್ಚಾಗುತ್ತದೆ ಅಂತ ಹಾಡು ನಿಲ್ಲಿಸಿದರಾ? ಭಾಷೆ ಬರದ್ದಕ್ಕಾ? ಗೋಧಿ ರೇಟು ಹಳೇ ಪೇಪರಿನಲ್ಲಿ ಸಿಗುತ್ತದೆ. ಆ ಹಾಡು ಎಲ್ಲಿ ಸಿಗುತ್ತದೆ?

ಕ್ಯಾಸೆಟ್ಟುಗಳನ್ನು ಹಾಳಾಗದ ಹಾಗೆ ಕಂಪ್ಯೂಟರಿಗೆ ಹಾಕುವುದು ಹೇಗೆ ಅಂತ ಗೊತ್ತಿದ್ದವರು ಹೇಳಿ. ಇನ್ನೊಂದು ವಿಷಯ. ಆ ಅಜ್ಜಿಯ ಮಗಳು ಇದ್ದಾರೆ, ಅವರಿಗೀಗ 92 ವರ್ಷ. ಅವರನ್ನು ನಾನು ಮಾತಾಡಿಸಬಹುದಾ? ಹೇಗೆ ಕೇಳಬೇಕು?

ಹೊಲದಂಚು

ಅಣ್ಣ, ನಾನು ಹಾವೇರಿ ಕಡೆ ಒಕ್ಕಲುತನ ಮಾಡುವವನು. ಹಾವಿನ ಉಬ್ಬಿನ ಮಾತು ಓದಿ ಮೈ ಜುಮ್ ಅಂತು. ಈ ಜನಕ್ಕೆ ಅಲ್ಲಿ ಭೂಮಿ ಹೇಗೆ ಸಿಕ್ಕಿತು? ನಮ್ಮ ಬಗರ್ ಹುಕುಂ ಥರಾನಾ?

ಲಿಂಕನ್‌ವಾಸಿ

ಹತ್ತಿರ ಹತ್ತಿರ, ಆದರೆ ಉಲ್ಟಾ. ಬಗರ್ ಹುಕುಂ ಅಂದರೆ ಹುಕುಂ ಇಲ್ಲದೆ ಮೊದಲು ಉಳುವುದು, ಆಮೇಲೆ ಸಕ್ರಮ. ಇಲ್ಲಿ ಮೊದಲು ಅರ್ಜಿ. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆ ಅದು. 160 ಎಕರೆ. ಫೀಸು ಎಲ್ಲ ಸೇರಿ 18 ಡಾಲರ್. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಇರಬೇಕು, ಉಳಬೇಕು. ಆಮೇಲೆ ಇಬ್ಬರು ಸಾಕ್ಷಿ ಹೇಳಿದರೆ ಹಕ್ಕುಪತ್ರ. ಮದುವೆಯಾಗದ ಹೆಂಗಸರು, ವಿಧವೆಯರು ಕೂಡ ಅರ್ಜಿ ಹಾಕಬಹುದಿತ್ತು. ಹೊರದೇಶದಿಂದ ಬಂದವರು ‘ಇಲ್ಲಿನ ಪ್ರಜೆ ಆಗುತ್ತೇನೆ’ ಅಂತ ಬರೆದುಕೊಟ್ಟರೆ ಸಾಕಿತ್ತು. ಹಾಗೆ ಸುಮಾರು 16 ಲಕ್ಷ ಜನಕ್ಕೆ ಭೂಮಿ ಸಿಕ್ಕಿತು.

ಈ ಕಡತಗಳಲ್ಲಿ ಮನೆಯ ಅಳತೆ, ಎಷ್ಟು ಎಕರೆ ಉತ್ತರು, ಬಾವಿ ಇದೆಯಾ ಎಲ್ಲ ಬರೆದಿರುತ್ತಾರೆ. ನಮ್ಮ ಪಹಣಿಗಿಂತ ಜಾಸ್ತಿ ವಿವರ. ಆದರೆ ಮಾಡಿನ ಬಟ್ಟೆಯ ಮೇಲೆ ಹರಿಯುವ ಹಾವು ಯಾವ ಕಡತದಲ್ಲೂ ಇಲ್ಲ. ಹಾಗಾಗಿಯೇ ಈ ಡಬ್ಬಿ ನನಗೆ ಇಷ್ಟು ದೊಡ್ಡದು. ಐದು ವರ್ಷ ತಾಳಲಾರದೆ ಗಂಟುಮೂಟೆ ಕಟ್ಟಿಕೊಂಡು ಹೋದವರ ಗತಿ ನೋಡಿ. ಅವರ ಹೆಸರಿನಲ್ಲಿ ಹಕ್ಕುಪತ್ರವೇ ಇಲ್ಲ. ಅವರ ಬಗ್ಗೆ ಉಳಿದಿದ್ದು ಹಾಡು, ಕಥೆ ಅಷ್ಟೆ.

ಹೊಲದಂಚು

ಮರ ಇಲ್ಲ ಅಂದಿರಿ. ಒಲೆಗೆ ಏನು ಹಾಕುತ್ತಿದ್ದರು?

ಲಿಂಕನ್‌ವಾಸಿ

ಕುಳ್ಳು! ತಟ್ಟಿದ್ದಲ್ಲ, ಬಯಲಲ್ಲಿ ತಾನೇ ಒಣಗಿದ್ದು. ಮೊದಮೊದಲು ಬೈಸನ್ (ಇಲ್ಲಿನ ಕಾಡುಕೋಣದಂಥ ಪ್ರಾಣಿ) ಸಗಣಿ, ಅವನ್ನೆಲ್ಲ ಕೊಂದು ಮುಗಿಸಿದ ಮೇಲೆ ದನದ್ದು. ಹೊಸದಾಗಿ ಬಂದ ಹೆಂಗಸರು ಮೊದಲು ಬಟ್ಟೆ ಹಿಡಿದು ಎತ್ತುತ್ತಿದ್ದರಂತೆ, ಆಮೇಲೆ ಬರಿಗೈಯಲ್ಲಿ. ನಮ್ಮಜ್ಜಿ ಕುಳ್ಳು ತಟ್ಟುವುದು ನೋಡಿ ಬೆಳೆದವನಿಗೆ ಇದನ್ನು ಕೇಳಿ ಒಂಥರಾ ನೆಂಟಸ್ತಿಕೆ ಹುಟ್ಟಿತು.

ಟೇಪು ರಿಪೇರಿ

ಮೈಸೂರಿನಿಂದ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ನಡೆಸಿದವನು. ಸರ್, ಮೊದಲು ಒಂದು ಕೆಲಸ ಮಾಡಿ, ಇವತ್ತೇ. ಪ್ರತಿ ಕ್ಯಾಸೆಟ್ಟಿನ ಹಿಂಬದಿ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಟ್ಯಾಬ್ ಇರುತ್ತವೆ. ಎರಡನ್ನೂ ಮುರಿದುಬಿಡಿ. ಟ್ಯಾಬ್ ಇದ್ದರೆ, ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೆ ಅಜ್ಜಿ ಅಳಿಸಿಹೋಗುತ್ತಾರೆ. ಇದನ್ನು ಮಾಡದೆ ಮನೆಯವರ ದನಿ ಕಳೆದುಕೊಂಡು ನನ್ನ ಅಂಗಡಿಗೆ ಬಂದು ಅತ್ತವರನ್ನು ನೋಡಿದ್ದೇನೆ.

ಆಮೇಲೆ, ಸಿಕ್ಕ ಸಿಕ್ಕ ಪ್ಲೇಯರಿಗೆ ಹಾಕಬೇಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಪ್ಲೇಯರುಗಳಲ್ಲಿ ಸ್ಪೀಡು ಒಂದೇ ಸಮ ಇರುವುದಿಲ್ಲ, ಟೇಪು ಸುತ್ತಿಕೊಳ್ಳುವ ಭಯ ಬೇರೆ. ಹಳೇದಾದರೂ ಒಳ್ಳೇ ಡೆಕ್ ಹುಡುಕಿ. ಹೆಡ್ಡು, ರಬ್ಬರ್ ರೋಲರು ಕ್ಲೀನ್ ಮಾಡಿ. ನಲವತ್ತು ವರ್ಷ ಒಂದೇ ಕಡೆ ಬಿದ್ದಿದ್ದ ಟೇಪನ್ನು ನೇರ ಪ್ಲೇ ಮಾಡಬೇಡಿ, ಮೊದಲು ಕೊನೆಯವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಬಿಗಿ ಸಡಿಲ ಸಮ ಆಗುತ್ತದೆ. ಟೇಪಿನ ಹಿಂದೆ ಸಣ್ಣ ಸ್ಪ್ರಿಂಗಿನ ಮೇಲೆ ಒಂದು ಬಟ್ಟೆಯ ಪ್ಯಾಡ್ ಇರುತ್ತದೆ, ಅದು ಬಿದ್ದುಹೋಗಿದ್ದರೆ ದನಿ ದೂರದಿಂದ ಬಂದ ಹಾಗೆ ಮಂದವಾಗಿ ಕೇಳುತ್ತದೆ. ಗಾಬರಿ ಬೇಡ. ಸ್ಕ್ರೂ ಇರುವ ಹೊಸ ಖಾಲಿ ಕ್ಯಾಸೆಟ್ಟಿನ ಗೂಡಿಗೆ ಆ ಟೇಪನ್ನು ಬದಲಾಯಿಸಬಹುದು. ನಿಧಾನಕ್ಕೆ, ಬಿಳಿ ಬಟ್ಟೆ ಹಾಸಿಕೊಂಡು, ಫ್ಯಾನ್ ಆಫ್ ಮಾಡಿ.

ಕಂಪ್ಯೂಟರಿನಲ್ಲಿ ವೇವ್ ಫೈಲು, 24 ಬಿಟ್, 96 ಕಿಲೋಹರ್ಟ್ಸ್. ಎಂಪಿ3 ಕೇಳುವುದಕ್ಕೆ ಮಾಡಿಕೊಳ್ಳಿ, ಉಳಿಸುವುದಕ್ಕಲ್ಲ. ಮುಖ್ಯವಾದ ಮಾತು: ಮೂಲ ಫೈಲಿನಲ್ಲಿ ಸದ್ದು ತೆಗೆಯುವ ಕೆಲಸ ಮಾಡಬೇಡಿ. ಗಡಿಯಾರ, ಓವನ್ ಬಾಗಿಲು, ಆ ‘ಟಕ್’ ಎಲ್ಲ ಇರಲಿ. ಬೇಕಾದರೆ ಇನ್ನೊಂದು ಕಾಪಿಯಲ್ಲಿ ಶುದ್ಧ ಮಾಡಿ. ಮೂರು ಕಾಪಿ ಇರಲಿ, ಒಂದಾದರೂ ಬೇರೆ ಊರಿನಲ್ಲಿ ಇರಲಿ. ಲೇಬಲ್ಲು, ಡಬ್ಬಿಯೊಳಗಿನ ಚೀಟಿ, ಮೇಷ್ಟ್ರ ಕೈಬರಹ ಎಲ್ಲದರ ಫೋಟೋ ತೆಗೆಯಿರಿ.

ಪದ ಸಂಗ್ರಹ

ಧಾರವಾಡದ ಕಡೆ ಜನಪದ ಪಾಠ ಮಾಡಿ ನಿವೃತ್ತನಾದವನು ನಾನು. ತಮ್ಮಾ, ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಸ್ವಲ್ಪ ತಡಿ. ಹಾಡು ನಿಲ್ಲುವುದಕ್ಕೆ ನೂರು ಕಾರಣ ಇರುತ್ತವೆ. ನಾನು ಬೀಸುವ ಪದ ಕೇಳಲು ಹಳ್ಳಿಗೆ ಹೋದಾಗ, ಕಲ್ಲು ಇಲ್ಲದೆ ಹಾಡು ಬರುವುದಿಲ್ಲ ಅಂದವರು ಇದ್ದರು. ನಿಜಕ್ಕೂ ಬರುತ್ತಿರಲಿಲ್ಲ. ಬೀಸುಕಲ್ಲು ತಂದು ಮುಂದೆ ಇಟ್ಟು, ಒಂದು ಹಿಡಿ ಜೋಳ ಹಾಕಿ, ಗೂಟ ಹಿಡಿದ ಮೇಲೆ ಪದ ತಾನಾಗಿ ಬಂತು. ಇನ್ನು ಕೆಲವು ಹಾಡು ಮದುವೆ ಮನೆ ಬಿಟ್ಟು ಬೇರೆ ಕಡೆ ಹಾಡುವಂತಿಲ್ಲ. ಸಾವಿನ ಮನೆಯ ಹಾಡನ್ನಂತೂ ಸುಮ್ನೆ ಕೂತು ಹಾಡು ಅಂದರೆ ಯಾರೂ ಹಾಡುವುದಿಲ್ಲ.

ನಿಮ್ಮ ದೇಶದಲ್ಲಿ ಈ ಕೆಲಸದ ಚರಿತ್ರೆ ದೊಡ್ಡದು. ನಿಮ್ಮ ಲಿಂಕನ್ ಊರಿನ ವಿಶ್ವವಿದ್ಯಾಲಯದಲ್ಲೇ ಲೂಯಿಸ್ ಪೌಂಡ್ ಎಂಬಾಕೆ 1915ರಲ್ಲಿ ನೆಬ್ರಾಸ್ಕಾದ ಜನಪದ ಹಾಡುಗಳ ಪಟ್ಟಿ ಪ್ರಕಟಿಸಿದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಬರಹಗಾರರಿಗೆ ಸರಕಾರ ಸಂಬಳ ಕೊಟ್ಟು, ಹಳಬರ ಜೀವನ ಕಥೆ ಬರೆದುಕೊಂಡು ಬನ್ನಿ ಅಂತ ಊರೂರಿಗೆ ಕಳಿಸಿತು. 24 ರಾಜ್ಯಗಳಿಂದ ಬಂದ ಸುಮಾರು 2,900 ಬರಹಗಳು ಇವತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅವರ ಕೈಯಲ್ಲಿ ಟೇಪು ಇರಲಿಲ್ಲ, ಪೆನ್ಸಿಲ್ಲು ಇತ್ತು. ಧ್ವನಿ ಮುದ್ರಣಕ್ಕೆ ಹೋದವರ ಪಾಡು ಬೇರೆ. 1933ರಲ್ಲಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಲೋಮ್ಯಾಕ್ಸ್ ಅಪ್ಪ ಮಗ ಕಾರಿನಲ್ಲಿ ಹೊತ್ತು ತಿರುಗಿದ ಯಂತ್ರದ ತೂಕ 315 ಪೌಂಡ್, ಅಂದರೆ ಒಂದೂವರೆ ಕ್ವಿಂಟಲ್ ಹತ್ತಿರ. ನಿಮ್ಮ ಜೇಬಿನಲ್ಲಿ ಈಗ ಅದಕ್ಕಿಂತ ಒಳ್ಳೆಯ ಯಂತ್ರ ಇದೆ. ಮಗಳನ್ನು ಖಂಡಿತ ಮಾತಾಡಿಸಿ. ಒಂದೇ ಮಾತು: ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಬೇಡಿ. ಅಮ್ಮನ ದನಿ ಕೇಳಿಸಿ, ನೀವು ಸುಮ್ಮನೆ ಕೂತಿರಿ.

ಕ್ಯಾಲ್ಗರಿ ಕನ್ನಡತಿ

ನಾನು ಕೆನಡಾದ ಪ್ರೇರಿಯಲ್ಲಿ ಇರುವವಳು. ಇಲ್ಲಿನ ಕಾಯಿದೆ 1872ರದ್ದು. 160 ಎಕರೆಯೇ, ಫೀಸು 10 ಡಾಲರ್, ಮೂರು ವರ್ಷ ಇರಬೇಕು. 1891ರಲ್ಲಿ ಉಕ್ರೇನಿನ ಗ್ಯಾಲಿಷಿಯಾದಿಂದ ಇಬ್ಬರು ಗಂಡಸರು ಭೂಮಿ ನೋಡಿಕೊಂಡು ಹೋಗಲು ಬಂದರು. 1914ರ ಹೊತ್ತಿಗೆ ಸುಮಾರು 1 ಲಕ್ಷ 70 ಸಾವಿರ ಉಕ್ರೇನಿಯನ್ನರು ಬಂದಿದ್ದರು. ಮೊದಲ ಚಳಿಗಾಲ ಅವರು ಕಳೆದಿದ್ದು ನೆಲದೊಳಗೆ. ಗುಂಡಿ ತೋಡಿ, ಮೇಲೆ ಕಂಬಗಳನ್ನು ಇಳಿಜಾರಾಗಿ ನಿಲ್ಲಿಸಿ ಮಣ್ಣು ಮುಚ್ಚಿದ ಗೂಡು. ಅದಕ್ಕೆ ‘ಬುರ್ದೇಯ್’ ಅನ್ನುತ್ತಾರೆ. ಎಡ್ಮಂಟನ್ ಹತ್ತಿರದ ಉಕ್ರೇನಿಯನ್ ಹಳ್ಳಿ ಮ್ಯೂಸಿಯಂನಲ್ಲಿ ಒಂದನ್ನು ಕಟ್ಟಿ ಇಟ್ಟಿದ್ದಾರೆ. ಒಳಗೆ ಬಗ್ಗಿ ಹೋದೆ. ಜುಲೈ ಬಿಸಿಲಲ್ಲೂ ಒಳಗೆ ನೆಲಮಾಳಿಗೆಯ ವಾಸನೆ, ತಂಪು. ಇದರೊಳಗೆ ಹಸುಗೂಸು ಇಟ್ಟುಕೊಂಡು ಮೈನಸ್ ಮೂವತ್ತರ ಚಳಿ ಕಳೆದ ತಾಯಿಯನ್ನು ನೆನೆಸಿಕೊಂಡು ನನಗೆ ಮಾತೇ ಹೊರಡಲಿಲ್ಲ.

ಅವರ ವಾದ್ಯ ‘ತ್ಸಿಂಬಾಲಿ’. ನಮ್ಮ ಸಂತೂರ್ ನೋಡಿದವರಿಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಹಲಗೆಯ ಮೇಲೆ ಸಾಲು ಸಾಲು ತಂತಿ, ಎರಡು ಕೋಲಿನಿಂದ ಬಾರಿಸುವುದು. ಮದುವೆಗೆ ಅದು ಇರಲೇಬೇಕು. 1960ರ ದಶಕದಲ್ಲಿ ರಾಬರ್ಟ್ ಕ್ಲಿಮಾಷ್ ಅನ್ನುವ ವಿದ್ವಾಂಸರು ಟೇಪ್‌ರೆಕಾರ್ಡರ್ ಹಿಡಿದು ಈ ಪ್ರೇರಿ ಊರುಗಳನ್ನೆಲ್ಲ ಸುತ್ತಿ ಹಾಡು ಸಂಗ್ರಹಿಸಿದರು. ಊರಿನಿಂದ ತಂದ ಹಳೇ ಹಾಡೊಂದನ್ನೇ ಅಲ್ಲ, ಕೆನಡಾಕ್ಕೆ ಬಂದ ಮೇಲೆ ಕಟ್ಟಿದ ಹೊಸ ಹಾಡುಗಳನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಅದು ನನಗೆ ತುಂಬಾ ಹಿಡಿಸಿತು. ವಲಸೆ ಬಂದವರ ಹಾಡು ಅಂದರೆ ತಂದ ಉಪ್ಪಿನಕಾಯಿ ಜಾಡಿ ಅಲ್ಲ, ಇಲ್ಲಿಯ ಮಣ್ಣಿನಲ್ಲೂ ಬೆಳೆಯುತ್ತದೆ ಅಲ್ವಾ? ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಉಕ್ರೇನಿಯನ್ ಜಾನಪದಕ್ಕೇ ಒಂದು ಸಂಗ್ರಹಾಲಯ ಇದೆ.

ಚಳಿನಾಡು

ಮಿನಿಯಾಪೊಲಿಸ್‌ನಿಂದ. ಕನ್ನಡತಿ ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಐನಾರ್ ಹಾಗೆನ್ ಅಂತ ಒಬ್ಬರು ಭಾಷಾ ವಿದ್ವಾಂಸರು ಇದ್ದರು. ಹುಟ್ಟಿದ್ದು ಅಯೊವಾದ ಸೂ ಸಿಟಿಯಲ್ಲಿ, 1906ರಲ್ಲಿ, ತಂದೆ ತಾಯಿ ನಾರ್ವೆಯವರು. ವಿಸ್ಕಾನ್ಸಿನ್ ಕಡೆಯ ನಾರ್ವೇಜಿಯನ್ ರೈತರ ಮಾತನ್ನು 1930-40ರ ದಶಕಗಳಲ್ಲಿ ರೆಕಾರ್ಡ್ ಮಾಡಿದರು. ಆ ರೈತರು ಬೇಲಿಗೆ, ಹೊಲಕ್ಕೆ, ಹಳ್ಳಕ್ಕೆ ಇಂಗ್ಲಿಷ್ ಪದ ತೆಗೆದುಕೊಂಡು, ಅದಕ್ಕೆ ನಾರ್ವೇಜಿಯನ್ ಬಾಲ ಅಂಟಿಸಿ ಮಾತಾಡುತ್ತಿದ್ದರು. ನಾವು ‘ಬಸ್ಸು, ಬಸ್ಸಿಗೆ, ಬಸ್ಸಲ್ಲಿ’ ಅನ್ನುವ ಹಾಗೆ! ಇದು ಕೆಟ್ಟುಹೋದ ಭಾಷೆ ಅಂತ ಮೂಗು ಮುರಿಯುವವರು ಆಗಲೂ ಇದ್ದರು. ಹಾಗೆನ್ ಮಾತ್ರ ಅದಕ್ಕೂ ಒಂದು ನಿಯಮ ಇದೆ ಅಂತ ತೋರಿಸಿದರು, 1953ರಲ್ಲಿ ಎರಡು ಸಂಪುಟ ಬರೆದರು. ಆ ಧ್ವನಿಗಳು ಇವತ್ತು ಓಸ್ಲೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇವೆ. ಅದಕ್ಕೇ ಹೇಳುತ್ತೇನೆ, ಮಗಳು ಚೆಕ್ ಇಂಗ್ಲಿಷ್ ಬೆರೆಸಿ ಮಾತಾಡಿದರೆ ತಿದ್ದಲು ಹೋಗಬೇಡಿ, ಬರಹಕ್ಕೆ ಇಳಿಸುವಾಗಲೂ ಹಾಗೇ ಬರೆಯಿರಿ.

ಇನ್ನೊಂದು, ಇಲ್ಲಿಗೆ ಬಂದ ಸ್ವೀಡನ್, ನಾರ್ವೆ ಜನರ ಹತ್ತಿರ ಒಂದೇ ತಂತಿಯ ವಾದ್ಯ ಇತ್ತು. ‘ಸಾಲ್ಮೋಡಿಕಾನ್’. ಆರ್ಗನ್ ಕೊಳ್ಳಲು ದುಡ್ಡಿಲ್ಲದ ಚರ್ಚುಗಳಲ್ಲಿ ಭಜನೆ ಕಲಿಸಲು ಅದೇ. ಉದ್ದ ಪೆಟ್ಟಿಗೆ, ಮೇಲೆ ಒಂದು ತಂತಿ, ಕಮಾನಿನಿಂದ ನುಡಿಸುವುದು. ಮೊದಲ ಸಲ ಕೇಳಿದಾಗ ನನಗೆ ನೆನಪಾಗಿದ್ದು ನಮ್ಮೂರಿನ ತತ್ವಪದದವರ ಏಕತಾರಿ.

ಫಾರ್ಗೊ ಗೆಳತಿ

ನಮ್ಮ ನಾರ್ತ್ ಡಕೋಟಾದ ಕಡೆ ರಷ್ಯಾದಿಂದ ಬಂದ ಜರ್ಮನ್ನರು ಜಾಸ್ತಿ. ಇಲ್ಲಿನ ವಿಶ್ವವಿದ್ಯಾಲಯ 2005ರಿಂದ ಅವರ ಮಕ್ಕಳು ಮೊಮ್ಮಕ್ಕಳ ನೆನಪು ದಾಖಲು ಮಾಡುತ್ತಿದೆ. ಟಿವಿಯಲ್ಲಿ ದಶಕಗಟ್ಟಲೆ ಸಂಗೀತ ಕಾರ್ಯಕ್ರಮ ನಡೆಸಿದ ಲಾರೆನ್ಸ್ ವೆಲ್ಕ್ ಹುಟ್ಟಿದ್ದು ಸ್ಟ್ರಾಸ್‌ಬರ್ಗ್ ಊರಿನ ಹತ್ತಿರದ ಇಂಥದೇ ಮಣ್ಣಿನ ಮನೆಯಲ್ಲಿ, 1903ರಲ್ಲಿ. ಅಪ್ಪನ ಹತ್ತಿರ 400 ಡಾಲರಿನ ಅಕಾರ್ಡಿಯನ್ ಕೊಡಿಸಿಕೊಂಡು, ಅದರ ಬದಲಿಗೆ 21 ತುಂಬುವವರೆಗೂ ಹೊಲದಲ್ಲಿ ದುಡಿದ. ಆ ಮನೆ ಈಗಲೂ ಇದೆ, ಹೋಗಿ ನೋಡಬಹುದು.

ಕಾಗದ ಪತ್ರ

ಹಳಬರ ನೆನಪು ಕೋರ್ಟಿನಲ್ಲಿ ಗೆದ್ದ ಒಂದು ಪ್ರಸಂಗ ಹೇಳುತ್ತೇನೆ, ವಕೀಲನಾದ ನನಗೆ ತುಂಬಾ ಪ್ರಿಯವಾದದ್ದು. ‘ಹೋಮ್ ಆನ್ ದ ರೇಂಜ್’ ಅನ್ನುವ ಹಾಡು 1930ರ ದಶಕದಲ್ಲಿ ರೇಡಿಯೋದಲ್ಲಿ ಎಲ್ಲೆಲ್ಲೂ ಹಾಡುತ್ತಿದ್ದರು. ಯಾರು ಕಟ್ಟಿದ್ದು ಯಾರಿಗೂ ಗೊತ್ತಿಲ್ಲ. 1934ರಲ್ಲಿ ಅರಿಜೋನಾದ ಗಂಡ ಹೆಂಡತಿ ಬಂದು ಹಾಡು ನಮ್ಮದು, ಐದು ಲಕ್ಷ ಡಾಲರ್ ಕೊಡಿ ಅಂತ ದಾವೆ ಹಾಕಿದರು. ಪ್ರಕಾಶಕರ ಕಡೆಯ ವಕೀಲ ಸ್ಯಾಮ್ಯುಯೆಲ್ ಮೋನ್‌ಫೆಲ್ಟ್ ಊರೂರು ಅಲೆದ. ಹಳೇ ಕೌಬಾಯ್‌ಗಳು, ಬಂಡಿ ಹೊಡೆದವರು, ಮುದುಕ ಮುದುಕಿಯರನ್ನೆಲ್ಲ ಕೂರಿಸಿಕೊಂಡು ‘ಈ ಹಾಡು ನೀವು ಮೊದಲು ಕೇಳಿದ್ದು ಯಾವಾಗ’ ಅಂತ ಕೇಳುತ್ತಾ ಹೋದ. ಜಾಡು ಹಿಡಿದು ಕ್ಯಾನ್ಸಸ್‌ನ ಸ್ಮಿತ್ ಕೌಂಟಿಗೆ ಬಂದ. ಅಲ್ಲಿ ಬ್ರೂಸ್ಟರ್ ಹಿಗ್ಲಿ ಅನ್ನುವ ಡಾಕ್ಟರು ಹೋಮ್‌ಸ್ಟೆಡ್ ಭೂಮಿಯ ತನ್ನ ಗುಡಿಸಲಿನಲ್ಲಿ 1872ರಲ್ಲಿ ಬರೆದ ಪದ್ಯ ಅದು. ಡೇನಿಯಲ್ ಕೆಲ್ಲಿ ರಾಗ ಹಾಕಿದ್ದು. 1870ರ ದಶಕದ ಊರಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ದಾವೆ ಬಿದ್ದುಹೋಯಿತು. 1947ರಲ್ಲಿ ಅದೇ ಕ್ಯಾನ್ಸಸ್‌ನ ರಾಜ್ಯಗೀತೆ ಆಯಿತು.

ಮುದುಕರ ಮಾತಿನಿಂದ ಜಾಡು, ಹಳೇ ಪತ್ರಿಕೆಯಿಂದ ಪುರಾವೆ. ಎರಡೂ ಬೇಕಾಯಿತು ನೋಡಿ.

ಚಳಿನಾಡು

ಆದರೆ ನೆನಪನ್ನು ಪೂರ್ತಿ ನಂಬುವುದಕ್ಕೆ ಆಗುವುದಿಲ್ಲ ಅಲ್ವಾ ಸರ್? 1888ರ ಜನವರಿ 12ರ ಹಿಮಗಾಳಿ ಗೊತ್ತಿರಬಹುದು. ಬೆಳಿಗ್ಗೆ ಬಿಸಿಲು, ಮಕ್ಕಳು ತೆಳು ಬಟ್ಟೆಯಲ್ಲಿ ಶಾಲೆಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಗೋಡೆ ಬಂದ ಹಾಗೆ ಹಿಮ ಬಂತು. ಸತ್ತವರು 235 ಅಂತ ಅಂದಾಜು, ಬಹಳಷ್ಟು ಮಕ್ಕಳೇ. ನೆಬ್ರಾಸ್ಕಾದ ಟೀಚರ್ ಮಿನ್ನಿ ಫ್ರೀಮನ್ ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹೊರಗೆ ತಂದಳು ಅಂತ ಹಾಡೇ ಅಚ್ಚಾಯಿತು. ಹಾಡಿನ ಹೆಸರಿನಲ್ಲೇ 13 ಮಕ್ಕಳು. ಬೇರೆಯವರು ಹೇಳುವ ಲೆಕ್ಕ ಬೇರೆ. ಹಗ್ಗ ಕಟ್ಟಿದ್ದು ನಿಜಾನಾ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ.

ಲಿಂಕನ್‌ವಾಸಿ

ಹೌದು. ಆ ಹಗ್ಗ ಇಲ್ಲಿನ ಶಾಸನಸಭೆ ಕಟ್ಟಡದ ಗೋಡೆಯ ಗಾಜಿನ ಚಿತ್ರದಲ್ಲೂ ಇದೆ! ಆದರೆ ಹಗ್ಗ ಇರಲಿಲ್ಲ ಅಂತ ನಾಳೆ ಗೊತ್ತಾದರೂ ನನಗೆ ಆ ನೆನಪು ಬೇಕು. ಜನ ಹಗ್ಗವನ್ನು ಯಾಕೆ ಸೇರಿಸಿಕೊಂಡರು ಅನ್ನುವುದೂ ಚರಿತ್ರೆಯೇ. ಆ ಹಿಮಗಾಳಿಯಲ್ಲಿ ಬದುಕಿ ಉಳಿದವರು 1940ರಲ್ಲಿ ಲಿಂಕನ್ನಿನಲ್ಲಿ ಒಂದು ಸಂಘವನ್ನೇ ಮಾಡಿಕೊಂಡರು. ಐವತ್ತು ವರ್ಷದ ಮೇಲೆ! ತಮ್ಮ ತಮ್ಮ ನೆನಪು ಬರೆದು ಕಳಿಸಿದರು, 1947ರಲ್ಲಿ ಪುಸ್ತಕ ಮಾಡಿದರು. ಯಾವ ವಿಶ್ವವಿದ್ಯಾಲಯವೂ ಹೇಳಿದ್ದಲ್ಲ, ಅವರೇ ಮಾಡಿಕೊಂಡಿದ್ದು.

ಪದ ಸಂಗ್ರಹ

ಚಿತ್ರವೂ ಹಾಗೇ. ಸಾಲೊಮನ್ ಬುಚರ್ 1886ರಿಂದ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ಬಂಡಿ ಕಟ್ಟಿಕೊಂಡು ತಿರುಗಿ ಈ ಮಣ್ಣಿನ ಮನೆಗಳ ಫೋಟೋ ತೆಗೆದ. ಒಂದು ಸಂಸಾರದ ಯಜಮಾನಿಗೆ ತಾವು ಮಣ್ಣಿನ ಮನೆಯಲ್ಲಿ ಇರುವುದು ತವರಿನ ಕಡೆಯವರಿಗೆ ಕಾಣಬಾರದು, ಆದರೆ ಆರ್ಗನ್ ಇರುವುದು ಕಾಣಬೇಕು. ಸರಿ, ಅಷ್ಟು ಭಾರದ ಆರ್ಗನ್ನನ್ನು ಹೊರಗೆ ಅಂಗಳಕ್ಕೆ ಎಳೆದು ತಂದು, ಅದರ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಇದೆಯಲ್ಲ, ಅದರ ದೊಡ್ಡಣ್ಣನಂಥದು. ಬಯಲಿನಲ್ಲಿ ದನಗಳ ನಡುವೆ ಆರ್ಗನ್. ಆ ತಾಯಿ ಏನನ್ನು ಮುಚ್ಚಿಟ್ಟಳು ಅನ್ನುವುದೂ ಆ ಚಿತ್ರದಲ್ಲಿ ದಾಖಲಾಗಿದೆ. 1899ರಲ್ಲಿ ಬುಚರನ ಮನೆ ಸುಟ್ಟು ಬರಹ ಎಲ್ಲ ಹೋಯಿತು. ಗಾಜಿನ ನೆಗೆಟಿವ್‌ಗಳನ್ನು ಕಾಳಿನ ಕಣಜದಲ್ಲಿ ಇಟ್ಟಿದ್ದಕ್ಕೆ ಅವು ಉಳಿದವು. ಅದಕ್ಕೆ ಟೇಪು ರಿಪೇರಿಯವರು ಹೇಳಿದ ಹಾಗೆ, ಒಂದು ಕಾಪಿ ಬೇರೆ ಕಡೆ ಇರಲಿ.

ಬಯಲು

ಇಷ್ಟು ಹೊತ್ತು ಓದಿದೆ. ಒಂದು ಮಾತು ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಆ ಬಯಲು ಖಾಲಿ ಇರಲಿಲ್ಲ. ಕಸ್ಟರ್ ಕೌಂಟಿ ಇರುವ ಜಾಗದಲ್ಲಿ ಪಾನಿ ಅನ್ನುವ ಮೂಲನಿವಾಸಿಗಳು ಬೇಟೆಯಾಡುತ್ತಿದ್ದರು, ಅವರನ್ನು 1870ರ ದಶಕದಲ್ಲಿ ಈಗಿನ ಒಕ್ಲಹೋಮಾಕ್ಕೆ ದಬ್ಬಲಾಯಿತು. 160 ಎಕರೆ ‘ಸರಕಾರ ಕೊಟ್ಟಿತು’ ಅನ್ನುವಾಗ, ಸರಕಾರಕ್ಕೆ ಎಲ್ಲಿಂದ ಬಂತು ಅಂತಲೂ ಬರೆಯಬೇಕು.

ಈ ಬಯಲಿನ ಮೊದಲ ಧ್ವನಿಮುದ್ರಣಗಳಲ್ಲೂ ಮೂಲನಿವಾಸಿಗಳ ಹಾಡುಗಳಿವೆ. ಫ್ರಾನ್ಸಿಸ್ ಲಾ ಫ್ಲೆಶ್ ತಾವೇ ಒಮಾಹಾ ಜನಾಂಗದವರು. ಆಲಿಸ್ ಫ್ಲೆಚರ್ ಜೊತೆ ಸೇರಿ ತಮ್ಮ ಜನರ ಹಾಡುಗಳನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದಿಟ್ಟರು, 1911ರಲ್ಲಿ ಇಬ್ಬರೂ ಸೇರಿ ದೊಡ್ಡ ಗ್ರಂಥ ಬರೆದರು. ಮಿನ್ನೆಸೋಟಾದ ಫ್ರಾನ್ಸಿಸ್ ಡೆನ್ಸ್‌ಮೋರ್ 1911ರಿಂದ ಸ್ಟ್ಯಾಂಡಿಂಗ್ ರಾಕ್ ಅನ್ನುವ ಮೀಸಲು ಪ್ರದೇಶದಲ್ಲಿ ಲಕೋಟಾ ಜನಾಂಗದ ಹಾಡುಗಳನ್ನು ಮುದ್ರಿಸಿದರು. ಒಂದು ಸಿಲಿಂಡರಿನಲ್ಲಿ ಕೆಲವೇ ನಿಮಿಷ ಹಿಡಿಸುತ್ತದೆ, ಪ್ರತಿ ಸಲ ನುಡಿಸಿದಾಗಲೂ ಸ್ವಲ್ಪ ಸವೆಯುತ್ತದೆ. ಅವು ದಶಕಗಟ್ಟಲೆ ವಾಷಿಂಗ್ಟನ್ನಿನಲ್ಲಿ ಕೂತಿದ್ದವು. 1979ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನೆಲ್ಲ ಟೇಪಿಗೆ ಇಳಿಸುವ ಕೆಲಸ ಶುರು ಮಾಡಿ, 1980ರ ದಶಕದಲ್ಲಿ ಒಮಾಹಾ ಜನರ ಮೇಸಿ ಊರಿಗೆ ಅವರ ಹಾಡುಗಳನ್ನು ವಾಪಸ್ಸು ಒಯ್ದಿತು. ಲಿಂಕನ್‌ವಾಸಿಗಳೇ, ನಿಮ್ಮ 43 ಕ್ಯಾಸೆಟ್ಟು ವಾಪಸ್ಸು ಯಾರಿಗೆ ಹೋಗಬೇಕು ಅಂತಲೂ ಯೋಚಿಸಿ. ಮ್ಯೂಸಿಯಂ ಬೀರುವಿನಿಂದ ನಿಮ್ಮ ಕಂಪ್ಯೂಟರಿಗೆ ಬಂದರೆ ಕೆಲಸ ಮುಗಿಯಲಿಲ್ಲ.

ಲಿಂಕನ್‌ವಾಸಿ

ನೀವು ಹೇಳಿದ್ದು ಸರಿ. ನಾನು ಮೊದಲೇ ಬರೆಯಬೇಕಿತ್ತು. ಅಜ್ಜಿಯ ಟೇಪಿನಲ್ಲೇ ಒಂದು ಕಡೆ, ಉಳುವಾಗ ಅಪ್ಪನಿಗೆ ಕಲ್ಲಿನ ಬಾಣದ ಮೊನೆ ಸಿಗುತ್ತಿದ್ದವು, ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದರು ಅಂತ ಬರುತ್ತದೆ. ಅದನ್ನು ನಾನು ಸುಮ್ನೆ ದಾಟಿಕೊಂಡು ಹೋಗಿದ್ದೆ.

ಕಾಗದ ಪತ್ರ

ಮಗಳ ಹತ್ತಿರ ಹೋಗುವಾಗ ಒಪ್ಪಿಗೆ ಪತ್ರ ಒಯ್ಯಿರಿ. ಆದರೆ ಬಾಗಿಲಲ್ಲೇ ತೆಗೆಯಬೇಡಿ. ಮಾತು ಮುಗಿದ ಮೇಲೆ, ಏನೇನು ಹೇಳಿದರು ಅಂತ ಅವರಿಗೇ ಗೊತ್ತಿರುವಾಗ ಕೇಳಿ. ಇದನ್ನು ಮ್ಯೂಸಿಯಂನಲ್ಲಿ ಇಡಬಹುದಾ, ಇಂಟರ್‌ನೆಟ್ಟಿಗೆ ಹಾಕಬಹುದಾ, ಯಾವ ಭಾಗ ಬೇಡ, ಬೇರೆ ಬೇರೆ ಕೇಳಿ. ಊರು ಸಣ್ಣದು. ಪಕ್ಕದ ಮನೆಯವರ ಸಾಲ, ಜಗಳ, ಮದುವೆ ಮುರಿದದ್ದು ಎಲ್ಲ ಮಾತಿನಲ್ಲಿ ಬಂದುಬಿಡುತ್ತದೆ.

ಲಿಂಕನ್‌ವಾಸಿ (ಮೂರು ವಾರದ ನಂತರ)

ಹೋಗಿ ಬಂದೆ. ಸಾವಧಾನವಾಗಿ ಬರೆಯುತ್ತೇನೆ.

ಅವರ ಮನೆಯ ಅಡುಗೆಮನೆಯಲ್ಲೇ ಕೂತೆವು. ಪದ ಸಂಗ್ರಹದ ಮೇಷ್ಟ್ರು ಹೇಳಿದ ಹಾಗೆ ಪ್ರಶ್ನೆ ಯಾವುದೂ ಕೇಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಟೇಪಿನ ಕಾಪಿ ಹಾಕಿದೆ. ಅಮ್ಮ ತೀರಿಕೊಂಡಿದ್ದು 1981ರಲ್ಲಿ. ಅಂದಿನಿಂದ ಆ ದನಿ ಅವರು ಕೇಳಿಯೇ ಇರಲಿಲ್ಲ. ಮೊದಲ ಮಾತಿಗೇ ಕೈ ಎತ್ತಿ ಬಾಯಿಗೆ ಇಟ್ಟುಕೊಂಡರು, ಹಾಗೇ ಕೂತಿದ್ದರು. ಗಡಿಯಾರದ ಸದ್ದು ಬಂದಾಗ ಹಿಂದಿನ ಗೋಡೆ ತೋರಿಸಿದರು. ಅದೇ ಗಡಿಯಾರ, ಈಗ ನಡೆಯುತ್ತಿಲ್ಲ. ಓವನ್ ಬಾಗಿಲಿನ ಸದ್ದು ಬಂತು. “ಅದು ನಾನು,” ಅಂದರು. “ಕೊಲಾಚ್ ಬೇಯಲು ಇಟ್ಟಿದ್ದೆ, ಮೇಷ್ಟ್ರಿಗೆ ಕೊಡಲು.” (ಕೊಲಾಚ್ ಅಂದರೆ ಚೆಕ್ ಜನರ ಸಿಹಿ ಬನ್ನು.)

ಆಮೇಲೆ ‘ಟಕ್’.

ನಾನು ಏನೂ ಹೇಳಲಿಲ್ಲ. ಅವರೇ ಹೇಳಿದರು. ಟೇಪು ನಿಲ್ಲಿಸಿ ಅಂದಿದ್ದು ಅಮ್ಮ. ಹಾಡು ಬಾಯಿಗೆ ಬಂದುಬಿಟ್ಟಿತು, ಆಮೇಲೆ ಅಮ್ಮ ಕೈ ಅಡ್ಡ ಹಿಡಿದರು, ಮೇಷ್ಟ್ರು ಕೂಡಲೇ ಬಟನ್ ಒತ್ತಿದರು. ಅದು ಲಾಲಿ ಹಾಡು. ಮಣ್ಣಿನ ಮನೆಯಲ್ಲಿ ಅಮ್ಮನ ತಮ್ಮನಿಗೆ ಗಂಟಲಮಾರಿ ಬಂದು, ಎರಡು ವರ್ಷದ ಮಗು, ಚಳಿಗಾಲದಲ್ಲಿ ತೀರಿಕೊಂಡಿತು. ಕೊನೆಯ ರಾತ್ರಿ ಆ ಮಗುವಿನ ತಾಯಿ ಅದೇ ಹಾಡನ್ನು ಬೆಳಗಿನವರೆಗೆ ಹಾಡಿದಳಂತೆ. ಆಮೇಲೆ ಮನೆಯ ಹೊರಗಿನವರ ಮುಂದೆ ಅದನ್ನು ಯಾರೂ ಹಾಡಲಿಲ್ಲ. ಮೇಷ್ಟ್ರು ಟೇಪು ನಿಲ್ಲಿಸಿ, ಹತ್ತು ನಿಮಿಷ ಅಮ್ಮನ ಎದುರಿಗೆ ತಲೆ ತಗ್ಗಿಸಿ ಕೂತಿದ್ದರಂತೆ. ಅಮ್ಮನೇ ಕೊನೆಗೆ “ಗೋಧಿ ವಿಷಯ ಕೇಳಿ” ಅಂದರಂತೆ.

ಆ ಮೇಷ್ಟ್ರ ಬಗ್ಗೆ ನಾನು ಮೇಲೆ ಬರೆದ ಸಿಟ್ಟಿನ ಮಾತಿಗೆ ಕ್ಷಮೆ ಕೇಳುತ್ತೇನೆ. ಅದನ್ನು ಅಳಿಸುವುದಿಲ್ಲ, ಹಾಗೇ ಇರಲಿ.

ನನ್ನ ರೆಕಾರ್ಡರ್ ತೋರಿಸಿ ಅದನ್ನು ಆಫ್ ಮಾಡು ಅಂದರು. ಮಾಡಿದೆ. ಅವರು ಹಾಡು ಪೂರ್ತಿ ಹೇಳಿದರು. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಎಂಟನೇ ಕ್ಯಾಸೆಟ್ಟಿನ ವಿವರದಲ್ಲಿ ಇಷ್ಟು ಮಾತ್ರ ಸೇರಿಸಿದ್ದೇನೆ: ‘ಇಲ್ಲಿ ಹಾಡು ನಿಂತಿರುವುದು ಹಾಡಿದವರ ಇಚ್ಛೆಯಿಂದ.’ ಆ ಸಾಲನ್ನು ಮಗಳಿಗೆ ಓದಿ ಹೇಳಿ ಒಪ್ಪಿಗೆ ತೆಗೆದುಕೊಂಡೆ.

ಆಮೇಲೆ ಅವರೇ “ಈಗ ಹಾಕು” ಅಂದರು. ಒಂದು ಗಂಟೆ ನಲವತ್ತು ನಿಮಿಷ ಮಾತಾಡಿದರು. ಕೊಲಾಚ್ ಒಳಗೆ ತುಂಬುವ ಗಸಗಸೆ ಅರೆಯುವ ಸಣ್ಣ ಕೈಮಿಲ್ಲು ತಂದು ತೊಡೆ ನಡುವೆ ಇಟ್ಟುಕೊಂಡರು. ಹಿಡಿ ತಿರುಗಿಸುತ್ತಾ ತಿರುಗಿಸುತ್ತಾ ಬೇರೆ ಎರಡು ಹಾಡು ಹೇಳಿದರು, ಪೋಲ್ಕಾ ಕುಣಿತದವು, ಖುಷಿ ಹಾಡುಗಳು. ಬೀಸುಕಲ್ಲಿನ ಮಾತು ನೆನಪಾಯಿತು ಮೇಷ್ಟ್ರೇ. ಅವೆರಡನ್ನು ಎಲ್ಲರಿಗೂ ಕೇಳಿಸು ಅಂದಿದ್ದಾರೆ. ಮೊಮ್ಮಕ್ಕಳಿಗೆ ಮೊದಲು, ಆಮೇಲೆ ಮ್ಯೂಸಿಯಂಗೆ.

ಪದ ಸಂಗ್ರಹ

ತಮ್ಮಾ, ಓದಿ ಕನ್ನಡಕ ತೆಗೆದಿಟ್ಟೆ. ಮುಂದಿನ ಸಲ ಹೋದಾಗ ಆ ಬಾಣದ ಮೊನೆಗಳು ಕಿಟಕಿಯಿಂದ ಎಲ್ಲಿಗೆ ಹೋದವು ಅಂತ ಕೇಳು.

ಟೇಪು ರಿಪೇರಿ

ಸರ್, 43 ಕ್ಯಾಸೆಟ್ಟಿನ ಟ್ಯಾಬೂ ಮುರಿದಿರಾ?

ಲಿಂಕನ್‌ವಾಸಿ

42 ಮುರಿದೆ. ಎಂಟನೆಯದನ್ನು ಮೇಷ್ಟ್ರೇ ಆಗಲೇ ಮುರಿದಿಟ್ಟಿದ್ದರು.